ಎಣಿಕೆ ಯಾವ ದಿನದಿಂದ?

1991ರ ಬೇಸಿಗೆ ರಜೆಯಲ್ಲಿ ನಾನು ನನ್ನ ಫೂಫಿಯ ಜೊತೆ ಮೊದಲ ಬಾರಿಗೆ ಒಬ್ಬ ವಕೀಲರ ಮನೆಯ ಮೆಟ್ಟಿಲು ಹತ್ತಿದೆ. ನನಗಾಗ ಹನ್ನೊಂದು ವರ್ಷ. ಕನ್ನಡದಲ್ಲಿ ಬರೆದದ್ದನ್ನು ಓದಿ ಹೇಳಲು ಒಬ್ಬರು ಬೇಕಿತ್ತು, ಅದಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಫೂಫಿಯ ಕೈಚೀಲದಲ್ಲಿ ಅಕ್ಕಸಾಲಿಗ ಬರೆದುಕೊಟ್ಟಿದ್ದ ಒಂದು ಚೀಟಿ ಇತ್ತು. ನಾಲ್ಕು ಬಳೆ, ಒಂದು ಜೊತೆ ಝುಮ್ಕಿ, ಒಂದು ಹಾರ. 1974ರಲ್ಲಿ ನಿಕಾಹ್ ಆದಾಗ ತವರಿನವರು ಹಾಕಿ ಕಳಿಸಿದ್ದ ಚಿನ್ನ. ಮದುವೆಯಾದ ಮೂರನೆಯ ದಿನ ಅತ್ತೆ, ಮನೆ ತುಂಬ ನೆಂಟರಿದ್ದಾರೆ, ನನ್ನ ಪೆಟ್ಟಿಗೆಯಲ್ಲಿಟ್ಟಿರುತ್ತೇನೆ ಎಂದು ಬಿಚ್ಚಿಸಿಕೊಂಡಿದ್ದರು. ಆಮೇಲೆ ಪೆಟ್ಟಿಗೆಯ ಬೀಗದ ಕೈ ಅತ್ತೆಯ ಸೊಂಟದಿಂದ ಇಳಿಯಲೇ ಇಲ್ಲ. 1980ರಲ್ಲಿ ಫೂಫಿ ಎರಡು ಮಕ್ಕಳ ಜೊತೆ ತವರಿಗೆ ಹಿಂದಿರುಗಿದರು. ತಲಾಖ್ ಆಗಿರಲಿಲ್ಲ, ಸಂಸಾರವೂ ಇರಲಿಲ್ಲ. 1990ರಲ್ಲಿ ಯಾರದೋ ಮದುವೆಯಲ್ಲಿ ತನ್ನ ಝುಮ್ಕಿ ಇನ್ನೊಬ್ಬಳ ಕಿವಿಯಲ್ಲಿ ತೂಗುವುದನ್ನು ನೋಡಿ ಬಂದ ಮೇಲೆ ಅವರಿಗೆ ವಕೀಲರ ನೆನಪಾಗಿತ್ತು.

ವಕೀಲರು ಒಳ್ಳೆಯವರು, ಫೀಸು ಕೇಳಲಿಲ್ಲ. ಮೂರೇ ಪ್ರಶ್ನೆ ಕೇಳಿದರು. ಅವರು ಕಿತ್ತುಕೊಂಡದ್ದೋ, ನೀವಾಗಿ ಇಡಲು ಕೊಟ್ಟದ್ದೋ? ಕೊಟ್ಟದ್ದು. ವಾಪಸು ಕೇಳಿದ್ದೀರಾ? ಕೇಳಿದ್ದೇವೆ, 1982ರಲ್ಲಿ ಬಕ್ರೀದ್ ಕಳೆದ ವಾರ, ಜಮಾಅತ್ತಿನ ನಾಲ್ವರು ಹಿರಿಯರನ್ನೇ ಕಳಿಸಿದ್ದೆವು. ಅವರೇನಂದರು? ‘ಯಾವ ಚಿನ್ನ’ ಅಂದರು. ಹಿರಿಯರ ಹೆಸರುಗಳನ್ನು ಫೂಫಿ ಬೆರಳು ಮಡಚಿ ಒಂದೊಂದಾಗಿ ಹೇಳಿದರು, ಸಾಕ್ಷಿಗೆ ಇಷ್ಟು ಸಾಲದೇ ಎಂಬ ಉತ್ಸಾಹದಲ್ಲಿ. ವಕೀಲರು ಪೆನ್ನಿನ ಮುಚ್ಚಳ ಹಾಕಿದರು. “ಆವತ್ತು ಕೇಳದೇ ಇದ್ದಿದ್ದರೇ ಚೆನ್ನಾಗಿತ್ತಮ್ಮ” ಎಂದರು.

ಆ ಮಾತು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ತನ್ನ ವಸ್ತುವನ್ನು ತಾನು ಕೇಳಿದ್ದೇ ತಪ್ಪಾಗುವುದು ಹೇಗೆ? ಕಥೆ ಬರೆಯುವವನಾದ ನನಗೆ ಕಾನೂನಿನ ಪುಸ್ತಕಗಳನ್ನು ತೆರೆಯುವ ಅಭ್ಯಾಸ ಹತ್ತಿದ್ದು ಈ ಒಂದು ವಾಕ್ಯದಿಂದ.

ಈಗ ಜಾರಿಯಲ್ಲಿರುವ ಕಾಲಮಿತಿ ಕಾಯ್ದೆ 1963ರದು, 1964ರ ಜನವರಿ 1ರಿಂದ ನಡೆಯುತ್ತಿದೆ. ಅದರ ಕೊನೆಯ ಅನುಸೂಚಿಯಲ್ಲಿ ಯಾವ ದಾವೆಗೆ ಎಷ್ಟು ಅವಧಿ, ಎಣಿಕೆ ಯಾವ ದಿನದಿಂದ ಎಂದು ಕಲಮುಗಟ್ಟಲೆ ಬರೆದಿದ್ದಾರೆ. ಮನೆ, ಹೊಲದಂಥ ಸ್ಥಿರ ಸ್ವತ್ತಿಗೆ ಹನ್ನೆರಡು ವರ್ಷ. ಒಡವೆ, ಪಾತ್ರೆ, ದನ, ಪುಸ್ತಕ ಮುಂತಾದ ಚರ ಸ್ವತ್ತಿಗೆ ಮೂರೇ ವರ್ಷ. ಮೂರು ಎಂಬ ಸಂಖ್ಯೆ ಎಲ್ಲ ಕಡೆಯೂ ಒಂದೇ. ಬದಲಾಗುವುದು ಮೊದಲ ದಿನ. ಕಳೆದುಹೋದ, ಕಳುವಾದ ಅಥವಾ ಅಪ್ರಾಮಾಣಿಕವಾಗಿ ಲಪಟಾಯಿಸಿದ ವಸ್ತುವಾದರೆ 68ನೇ ಕಲಮು. ವಸ್ತು ಯಾರ ಕೈಯಲ್ಲಿದೆ ಎಂದು ಒಡೆಯನಿಗೆ ಮೊದಲು ತಿಳಿದ ದಿನದಿಂದ ಎಣಿಕೆ. ಬೇರೆ ರೀತಿಯಲ್ಲಿ ಅನ್ಯಾಯವಾಗಿ ತೆಗೆದುಕೊಂಡದ್ದಾದರೆ 69ನೇ ಕಲಮು, ತೆಗೆದುಕೊಂಡ ದಿನದಿಂದಲೇ. ಇಡಲು ಕೊಟ್ಟದ್ದು ಅಥವಾ ಗಿರವಿ ಇಟ್ಟದ್ದಾದರೆ 70ನೇ ಕಲಮು. ವಾಪಸು ಕೇಳಿ, ಇಲ್ಲ ಎನಿಸಿಕೊಂಡ ದಿನದಿಂದ. ಫೂಫಿಯ ಗಡಿಯಾರ ಓಡತೊಡಗಿದ್ದು ಜಮಾಅತ್ತಿನ ಹಿರಿಯರು ಆ ಮನೆಯ ಚಹಾ ಕುಡಿದು ಎದ್ದು ಬಂದ ದಿನ. 1985ಕ್ಕೆ ಅದು ನಿಂತಿತು. ಕೇಳದೇ ಸುಮ್ಮನಿದ್ದಿದ್ದರೆ 1991ರಲ್ಲಿ ಕೇಳಿ, ಇಲ್ಲ ಎನಿಸಿಕೊಂಡು, ಹೊಸದಾಗಿ ದಾವೆ ಹೂಡಬಹುದಿತ್ತು. ಝುಮ್ಕಿಯನ್ನು ನೋಡಿದ್ದು 1990ರಲ್ಲಲ್ಲವೇ ಎಂದು ನಾವು ಕೇಳಿದೆವು. ಚಿನ್ನ ಯಾವ ಮನೆಯಲ್ಲಿದೆ ಎಂದು ನಿಮಗೆ ಮೊದಲೇ ಗೊತ್ತಿತ್ತಲ್ಲ ಎಂದು ಕೋರ್ಟು ಕೇಳುತ್ತದೆ ಎಂದರು ವಕೀಲರು.

ಹಾಗೆಂದು ಕಾಲಮಿತಿಯೇ ಅನ್ಯಾಯ ಎನ್ನಲಾರೆ. ನಮ್ಮ ಮನೆಯಲ್ಲಿ ಒಂದು ತಾಮ್ರದ ಹಂಡೆ ಇದೆ. ಅದರ ಕಂಠದ ಮೇಲೆ ಕೆತ್ತಿರುವ ಹೆಸರು ನಮ್ಮ ಮನೆಯವರದಲ್ಲ. ಯಾರ ಮದುವೆಗೋ ತಂದದ್ದು ಉಳಿಯಿತೋ, ದಾದಿ ದುಡ್ಡು ಕೊಟ್ಟು ಕೊಂಡರೋ, ಸಾಲಕ್ಕೆ ಬಂತೋ ಹೇಳಬಲ್ಲವರು ಈಗ ಯಾರೂ ಇಲ್ಲ. ನಾಳೆ ಆ ಹೆಸರಿನವರ ಮೊಮ್ಮಗ ಬಂದು ಬಾಗಿಲು ಬಡಿದರೆ ನಾನು ಯಾವ ಸಾಕ್ಷಿ ತರಲಿ? ಸಾಕ್ಷಿಗಳು ಸಾಯುತ್ತಾರೆ, ಚೀಟಿಗಳನ್ನು ಗೆದ್ದಲು ತಿನ್ನುತ್ತದೆ, ಪ್ರಾಮಾಣಿಕವಾಗಿ ಕೊಂಡವನೂ ಕಳ್ಳನಂತೆ ಕಾಣಿಸುತ್ತಾನೆ. ಜಗಳಕ್ಕೆ ಎಲ್ಲೋ ಒಂದು ಕೊನೆ ಬೇಕು. ಇದನ್ನು ಒಪ್ಪದ ನ್ಯಾಯಪದ್ಧತಿ ನನಗೆ ಎಲ್ಲೂ ಸಿಕ್ಕಿಲ್ಲ. ಆದರೆ ಆ ಕೊನೆಯಲ್ಲಿ ಮುಗಿಯುವುದು ಏನು, ದಾವೆಯೋ ಅಥವಾ ಹಕ್ಕೋ? ಈ ಪ್ರಶ್ನೆಗೆ ಹಳಬರು ಕೊಟ್ಟ ಉತ್ತರ ನಮ್ಮ ಕಾಯ್ದೆಯ ಉತ್ತರದಂತಿಲ್ಲ.

ಮೊದಲು ನಮ್ಮ ನೆಲದ ಮಾತು. ಮನುಸ್ಮೃತಿಯಲ್ಲಿಯೂ ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ ಹತ್ತು ವರ್ಷದ ನಿಯಮವಿದೆ. ತನ್ನ ಚರ ಸ್ವತ್ತನ್ನು ಇನ್ನೊಬ್ಬ ಕಣ್ಣೆದುರೇ ಅನುಭವಿಸುತ್ತಿರುವುದನ್ನು ನೋಡುತ್ತ ಒಡೆಯ ಹತ್ತು ವರ್ಷ ಬಾಯಿ ಬಿಡದೆ ಇದ್ದರೆ ಅವನಿಗೆ ಹಾನಿ. ಯಾಜ್ಞವಲ್ಕ್ಯನಲ್ಲಿ ಭೂಮಿಗೆ ಇಪ್ಪತ್ತು ವರ್ಷ. ಇಲ್ಲಿ ‘ಹಾನಿ’ ಎಂದರೇನು ಎಂಬುದರ ಮೇಲೆ ಪಂಡಿತರಲ್ಲಿ ದೊಡ್ಡ ಜಗಳವೇ ನಡೆದಿದೆ. ಒಡೆತನವೇ ಹೋಗುತ್ತದೆ ಎಂದವರಿದ್ದರು. ಹಾಗಲ್ಲ ಎಂದವನು ನಮ್ಮ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾಗ, ಇಂದು ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣದಲ್ಲಿ ಕುಳಿತು ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಒಡೆತನ ಹುಟ್ಟುವುದು ಕ್ರಯ, ದಾನ, ಪಿತ್ರಾರ್ಜಿತ ಮುಂತಾದ ಕಾರಣಗಳಿಂದ. ಬರಿಯ ಅನುಭೋಗದಿಂದ ಅದು ಹುಟ್ಟುವುದಿಲ್ಲ, ಬರಿಯ ಮೌನದಿಂದ ಸಾಯುವುದೂ ಇಲ್ಲ ಎಂಬುದು ಅವನ ವಾದದ ತಿರುಳು. ಹಾಗಾದರೆ ಸುಮ್ಮನಿದ್ದವನು ಕಳೆದುಕೊಳ್ಳುವುದೇನು? ಫಲವನ್ನು. ಅಷ್ಟು ವರ್ಷ ಇನ್ನೊಬ್ಬ ಉಂಡ ಹಾಲನ್ನು ಕೇಳುವಂತಿಲ್ಲ, ಹಸುವನ್ನು ಕೇಳಬಹುದು. ಆಧಾರವಿಲ್ಲದೆ ಅನುಭವಿಸಿದವನು ನೂರಾರು ವರ್ಷ ಅನುಭವಿಸಿದರೂ ಕಳ್ಳನೇ ಎಂಬ ಅರ್ಥದ ನಾರದನ ಮಾತನ್ನೂ ಅವನು ತನ್ನ ಬೆಂಬಲಕ್ಕೆ ಕರೆದುಕೊಳ್ಳುತ್ತಾನೆ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಅದರ ಮುಂದಿನ ಶ್ಲೋಕ. ಹತ್ತು ವರ್ಷದ ಗಡಿಯಾರ ಯಾವುದಕ್ಕೆಲ್ಲ ಅನ್ವಯಿಸುವುದಿಲ್ಲ ಎಂಬ ಪಟ್ಟಿ ಅಲ್ಲಿದೆ. ಗಿರವಿ ಇಟ್ಟದ್ದು, ನಂಬಿ ಇಡಲು ಕೊಟ್ಟದ್ದು, ಮೊಹರು ಹಾಕಿ ಕೊಟ್ಟದ್ದು, ಬುದ್ಧಿಮಾಂದ್ಯರ ಸ್ವತ್ತು, ಮಕ್ಕಳ ಸ್ವತ್ತು, ಹೆಂಗಸರ ಸ್ವತ್ತು. ರಾಜನ ಮತ್ತು ಶ್ರೋತ್ರಿಯರ ಸ್ವತ್ತೂ ಅದರಲ್ಲಿದೆ, ಅದು ಆ ಕಾಲದ ಮರ್ಯಾದೆ, ಇರಲಿ. ಉಳಿದವರು ಯಾಕೆ ಆ ಪಟ್ಟಿಯಲ್ಲಿದ್ದಾರೆ? ಅವರ ಮೌನಕ್ಕೆ ಬೇರೆ ಕಾರಣಗಳಿರುತ್ತವೆ ಎಂದು ಬರೆದವರಿಗೆ ಗೊತ್ತಿತ್ತು. ಇಡಲು ಕೊಟ್ಟವನು ಸುಮ್ಮನಿರುವುದು ನಂಬಿಕೆಯಿಂದ. ಮಗು ಸುಮ್ಮನಿರುವುದು ತಿಳಿಯದೆ. ಹೆಂಗಸು ಸುಮ್ಮನಿರುವುದು ಏಕೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಬಗ್ಗೆ ಸ್ಮೃತಿಗಳು ಹೇಳಿದ ಎಲ್ಲವನ್ನೂ ಒಪ್ಪುವವನು ನಾನಲ್ಲ. ಈ ಒಂದು ಕಡೆ ಮಾತ್ರ ಅವು 1963ರ ಸಂಸತ್ತಿಗಿಂತ ಹೆಚ್ಚು ಲೋಕ ಕಂಡಿದ್ದವು.

ಇನ್ನು ನಮ್ಮ ಕಡೆಯ ಫಿಕ್ಹ್. ಉರ್ದು ಶಾಲೆಯಲ್ಲಿ ಓದಿದ ನಮಗೆ ಹಿಜ್ರತ್ತಿನ ರಾತ್ರಿಯ ಕಥೆ ಬಾಯಿಪಾಠ. ಪ್ರವಾದಿಯವರು ಮಕ್ಕಾ ಬಿಟ್ಟು ಹೊರಟಾಗ ಹಝ್ರತ್ ಅಲಿಯವರನ್ನು ಹಿಂದೆ ಉಳಿಸಿದರು. ಊರಿನವರು ತಮ್ಮಲ್ಲಿ ಇಟ್ಟಿದ್ದ ಅಮಾನತುಗಳನ್ನು ಅವರವರಿಗೆ ಮುಟ್ಟಿಸಿ ಬರಬೇಕೆಂದು. ಪ್ರಾಣಕ್ಕೆ ಸಂಚು ಮಾಡಿದ್ದ ಊರಿನವರ ಸಾಮಾನು ಅದು ಎಂಬುದನ್ನು ನಮ್ಮ ಉಸ್ತಾದರು ಪ್ರತಿ ಸಲವೂ ಒತ್ತಿ ಹೇಳುತ್ತಿದ್ದರು. ಫಿಕ್ಹಿನ ಗ್ರಂಥಗಳಲ್ಲಿ ಇಡಲು ಕೊಟ್ಟದ್ದಕ್ಕೆ ಒಂದು ಅಧ್ಯಾಯ, ವದೀಅತ್. ಕಿತ್ತುಕೊಂಡದ್ದಕ್ಕೆ ಇನ್ನೊಂದು, ಗಸಬ್. ಔರಂಗಜೇಬನ ಕಾಲದ ಫತಾವಾ ಆಲಂಗೀರಿಯಲ್ಲಿ ಎರಡೂ ವಿಸ್ತಾರವಾಗಿವೆ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ತಂದ ಹಿದಾಯದಲ್ಲಿಯೂ ಇವೆ. ಕಿತ್ತುಕೊಂಡವನು ಆ ವಸ್ತುವನ್ನೇ, ಕಿತ್ತುಕೊಂಡ ಜಾಗದಲ್ಲೇ ಮರಳಿಸಬೇಕು. ವಸ್ತು ನಾಶವಾಗಿದ್ದರೆ ಅಂಥದ್ದೇ ಇನ್ನೊಂದು ಅಥವಾ ಬೆಲೆ. ಗೋಧಿ ಕಿತ್ತುಕೊಂಡು ಹಿಟ್ಟು ಮಾಡಿಬಿಟ್ಟಿದ್ದರೆ ಹಿಟ್ಟು ಅವನದು, ಗೋಧಿಯ ಋಣ ಅವನ ತಲೆ ಮೇಲೆ.

ಅಂಥದ್ದೇ ವಸ್ತು ಪೇಟೆಯಲ್ಲಿ ಈಗ ಸಿಗದೇ ಹೋದರೆ ಯಾವ ದಿನದ ಬೆಲೆ ಕೊಡಬೇಕು? ಇಲ್ಲಿ ಗುರು ಶಿಷ್ಯರು ಮೂರು ದಿಕ್ಕು. ವ್ಯಾಜ್ಯ ಖಾಝಿಯ ಮುಂದೆ ಬಂದ ದಿನದ್ದು ಎನ್ನುತ್ತಾರೆ ಇಮಾಮ್ ಅಬೂ ಹನೀಫಾ. ಕಿತ್ತುಕೊಂಡ ದಿನದ್ದು ಎನ್ನುತ್ತಾರೆ ಅಬೂ ಯೂಸುಫ್. ಪೇಟೆಯಲ್ಲಿ ಸಿಗದಂತಾದ ದಿನದ್ದು ಎನ್ನುತ್ತಾರೆ ಇಮಾಮ್ ಮುಹಮ್ಮದ್. ನಮ್ಮ ವಕೀಲರ ಪ್ರಶ್ನೆಯನ್ನೇ ಕೂಫಾ, ಬಗ್ದಾದಿನಲ್ಲಿ ಇವರು ಕೇಳಿಕೊಳ್ಳುತ್ತಿದ್ದಂತಿದೆ. ಯಾವ ದಿನ?

ಆದರೆ ಕಾಲ ಸರಿದ ಮಾತ್ರಕ್ಕೆ ಹಕ್ಕು ಬಿದ್ದುಹೋಗುವುದಿಲ್ಲ ಎಂಬುದರಲ್ಲಿ ಹನಫಿ ಪಂಡಿತರಿಗೆ ಅನುಮಾನವಿರಲಿಲ್ಲ. ತುರ್ಕಿಯ ಉಸ್ಮಾನಿ ಸುಲ್ತಾನರಿಗೆ ಇದು ಆಡಳಿತದ ತೊಂದರೆಯಾಯಿತು. ಮೂವತ್ತು ನಲವತ್ತು ವರ್ಷದ ಹಿಂದಿನ ಜಗಳಗಳನ್ನು ಹೊತ್ತು ಜನ ನ್ಯಾಯಾಲಯಕ್ಕೆ ಬಂದರೆ ಖಾಝಿ ಏನು ಮಾಡಬೇಕು? 16ನೇ ಶತಮಾನದಲ್ಲಿ, ಸುಲ್ತಾನ್ ಸುಲೈಮಾನನ ಶೈಖುಲ್ ಇಸ್ಲಾಮ್ ಆಗಿದ್ದ ಅಬುಸ್ಸುಊದರ ಕಾಲದಲ್ಲಿ ಒಂದು ಜಾಣ ದಾರಿ ಗಟ್ಟಿಯಾಯಿತು. ಹಕ್ಕನ್ನು ಮುಟ್ಟುವ ಅಧಿಕಾರ ಸುಲ್ತಾನನಿಗಿಲ್ಲ. ಆದರೆ ಖಾಝಿಯನ್ನು ನೇಮಿಸುವವನು ಅವನೇ. ಹದಿನೈದು ವರ್ಷ ಮೀರಿದ ದಾವೆಯನ್ನು ಕೇಳಬೇಡ ಎಂದು ಖಾಝಿಗೆ ಹೇಳಬಹುದಲ್ಲ? ಹಕ್ಕು ಹಾಗೇ ಉಳಿಯಿತು, ನ್ಯಾಯಾಲಯದ ಬಾಗಿಲು ಮಾತ್ರ ಮುಚ್ಚಿತು.

19ನೇ ಶತಮಾನದಲ್ಲಿ ಅಹಮದ್ ಜೌದತ್ ಪಾಷಾ ಮತ್ತು ಸಂಗಡಿಗರು ಈ ಕಾನೂನನ್ನು ‘ಮಜಲ್ಲಾ’ ಎಂಬ ಸಂಹಿತೆಯಾಗಿ ಬರೆದಾಗ ಇದನ್ನು ಸ್ಪಷ್ಟ ಕಲಮುಗಳಾಗಿ ಇಟ್ಟರು. ಸಾಲಕ್ಕೂ ಅಮಾನತಿಗೂ ಹದಿನೈದು ವರ್ಷ, ವಕ್ಫಿನ ಮೂಲ ಆಸ್ತಿಗೆ ಮೂವತ್ತಾರು. ಅವಧಿ ಮೀರಿದ ಮೇಲೂ ಪ್ರತಿವಾದಿ ಖಾಝಿಯ ಎದುರು ಹೌದು, ಇದು ಅವನದೇ ಎಂದು ಒಪ್ಪಿಕೊಂಡರೆ ಅವಧಿ ಲೆಕ್ಕಕ್ಕಿಲ್ಲ, ಕೊಡಿಸಬೇಕು. ಇನ್ನೊಂದು ಕಲಮಿನಲ್ಲಿ, 1663ನೆಯದು, ಯಾವ ವರ್ಷಗಳನ್ನು ಎಣಿಸಬಾರದು ಎಂದಿದೆ. ವಾದಿ ಚಿಕ್ಕವನಾಗಿದ್ದ ವರ್ಷಗಳು, ಬುದ್ಧಿ ಸರಿಯಿಲ್ಲದ ವರ್ಷಗಳು, ದೂರ ದೇಶದಲ್ಲಿದ್ದ ವರ್ಷಗಳು, ಎದುರಾಳಿ ದಬ್ಬಾಳಿಕೆ ನಡೆಸಬಲ್ಲ ಬಲಾಢ್ಯನಾಗಿದ್ದ ವರ್ಷಗಳು. ಈ ಕೊನೆಯದನ್ನು ನಾನು ಎರಡೆರಡು ಬಾರಿ ಓದಿದೆ. ಎದುರಾಳಿಯ ಭಯವಿದ್ದಷ್ಟು ದಿನ ಗಡಿಯಾರ ಓಡುವುದಿಲ್ಲ.

ಇಂಗ್ಲಿಷರು ಬಂದಾಗ ಮೊದಮೊದಲು ಈ ಮನೋಭಾವ ಪೂರ್ತಿ ಹೋಗಿರಲಿಲ್ಲ. 1793ರಲ್ಲಿ ಬಂಗಾಳಕ್ಕೆ ಕಂಪನಿ ಮಾಡಿದ ಮೂರನೇ ರೆಗ್ಯುಲೇಷನ್ ಹನ್ನೆರಡು ವರ್ಷ ಮೀರಿದ ದಾವೆ ಬೇಡ ಎಂದಿತು, ಆದರೆ ಅಪ್ರಾಪ್ತ ವಯಸ್ಸು ಅಥವಾ ಬೇರೆ ಸಕಾರಣವಿದ್ದರೆ ಕೇಳಬಹುದು ಎಂದಿತು. ಯಾಕೆ ತಡವಾಯಿತು ಎಂದು ಕೇಳುವ ಬಾಯಿ ನ್ಯಾಯಾಧೀಶನಿಗೆ ಇನ್ನೂ ಇತ್ತು.

ಕಂಪನಿ ತಾನೇ ಕಿತ್ತುಕೊಂಡದ್ದಾದರೆ ಮಾತು ಬೇರೆ. 1834ರಲ್ಲಿ ಕಂಪನಿಯ ಸೈನ್ಯ ಕೊಡಗನ್ನು ಹಿಡಿದು, ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತನಾದ ಚಿಕವೀರ ರಾಜೇಂದ್ರನನ್ನು ಪದಚ್ಯುತಗೊಳಿಸಿದಾಗ ಅವನ ಚರ ಸ್ವತ್ತುಗಳೂ ಹೋದವು. ಅವುಗಳಲ್ಲಿ ಕಂಪನಿಯೇ ಬರೆದುಕೊಟ್ಟಿದ್ದ ಸಾಲಪತ್ರಗಳಿದ್ದವು. ಸಾಲಗಾರನೇ ಸಾಲ ಕೊಟ್ಟವನ ಮನೆ ಹೊಕ್ಕು ಪತ್ರ ಎತ್ತಿಕೊಂಡು ಹೋದಂತೆ. 1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಮಗಳು ಗೌರಮ್ಮ ಕ್ರೈಸ್ತಳಾಗಿ, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆಯಾದಳು. ತಂದೆ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. 1859ರಲ್ಲಿ ಅವನು ಅಲ್ಲೇ ತೀರಿಕೊಂಡ. 1860ರಲ್ಲಿ ತೀರ್ಪು ಬಂತು. ಅವಧಿ ಮೀರಿದೆ ಎಂದು ಅಲ್ಲ, ಕಂಪನಿ ಅದನ್ನು ತೆಗೆದುಕೊಂಡದ್ದು ಯುದ್ಧ ಮಾಡುವ ಪ್ರಭುವಾಗಿ, ಅದರ ವಿಚಾರ ನ್ಯಾಯಾಲಯದ್ದಲ್ಲ ಎಂದು. ಬಾಗಿಲೇ ಇಲ್ಲದ ಗೋಡೆಗೆ ಗಡಿಯಾರ ಯಾಕೆ?

ಗಡಿಯಾರವನ್ನು ಹೇಗೆ ತಿರುಗಿಸಬಹುದು ಎಂಬುದಕ್ಕೆ 1859ರ ವರ್ಷವೊಂದೇ ಸಾಕು. ಆ ವರ್ಷ ಎರಡು ಕಾಯ್ದೆಗಳು ಬಂದವು. ಒಂದು, ಕಾಲಮಿತಿಯ 14ನೇ ಕಾಯ್ದೆ. ಇಡಲು ಕೊಟ್ಟ ಅಥವಾ ಗಿರವಿ ಇಟ್ಟ ಚರ ಸ್ವತ್ತನ್ನು ಮರಳಿ ಕೇಳಲು ಅದು ಮೂವತ್ತು ವರ್ಷ ಕೊಟ್ಟಿತು, ಸ್ಥಿರ ಸ್ವತ್ತಾದರೆ ಅರವತ್ತು. ಉದಾರವಾಗಿಯೇ ಇತ್ತು. ಇನ್ನೊಂದು, ಅದೇ ವರ್ಷದ 9ನೇ ಕಾಯ್ದೆ. 1857ರ ಬಂಡಾಯದ ಬಳಿಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡ ಆಸ್ತಿಗಳ ಕುರಿತದ್ದು. ಬಂಡಾಯದಲ್ಲಿ ಭಾಗಿಯಾಗದವನು, ಇದು ನನ್ನದು, ತಪ್ಪಾಗಿ ತೆಗೆದುಕೊಂಡಿದ್ದೀರಿ ಎಂದು ದಾವೆ ಹೂಡಬೇಕಾದರೆ ಅವನಿಗೆ ಸಿಗುವುದು ವಶಪಡಿಸಿಕೊಂಡ ದಿನದಿಂದ ಒಂದೇ ವರ್ಷ. ದಿಲ್ಲಿಯನ್ನು ಮರಳಿ ಹಿಡಿದಾಗ ಊರವರನ್ನೆಲ್ಲ ಹೊರಗೆ ಹಾಕಿದ್ದರು. ಪ್ರೈಜ್ ಏಜೆಂಟರೆಂಬವರು ಖಾಲಿ ಮನೆಗಳ ನೆಲ ಅಗೆದು ಹೂತಿಟ್ಟ ಒಡವೆ ಹುಡುಕಿದರು. ಊರಿಗೆ ಮರಳಲು ಹಿಂದೂಗಳಿಗೆ ಮೊದಲು ಅನುಮತಿ ಸಿಕ್ಕಿತು, ಮುಸಲ್ಮಾನರಿಗೆ ಬಹಳ ತಡವಾಗಿ. ಸ್ವಂತ ಓಣಿಗೆ ಕಾಲಿಡಲಾಗದವನ ಪಾಲಿಗೆ ಒಂದು ವರ್ಷವೆಂದರೆ ಎಷ್ಟು ದಿನ? ಬರೇಲಿಯ ಮುಟ್ಟುಗೋಲಿನ ಪ್ರಕರಣವೊಂದರಲ್ಲಿ ಆಸ್ತಿ ಕೇಳಿದವನು, ಆ ಅವಧಿಯಲ್ಲಿ ನಾನು ಅಪ್ರಾಪ್ತನಾಗಿದ್ದೆ ಎಂದ. 1874ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಆ ಕಾಯ್ದೆಯಲ್ಲಿ ಮಕ್ಕಳಿಗೆಂದು ವಿನಾಯಿತಿ ಬರೆದಿಲ್ಲ ಎಂದಿತು.

ಆಮೇಲೆ ಕಾಯ್ದೆಗಳು ಒಂದರ ಹಿಂದೊಂದು ಬಂದವು. 1871, 1877, 1908. ಇವುಗಳಲ್ಲಿ 1877ರದನ್ನು ನೆನಪಿಡಬೇಕು. ದಾವೆಯ ಅವಧಿ ಮುಗಿದರೆ ಆಸ್ತಿಯ ಮೇಲಿನ ಹಕ್ಕೇ ನಂದಿಹೋಗುತ್ತದೆ ಎಂಬ ಮಾತು 1871ರ ಕಾಯ್ದೆಯಲ್ಲಿ ಭೂಮಿಗೂ ವಂಶಪಾರಂಪರ್ಯ ಹುದ್ದೆಗಳಿಗೂ ಮಾತ್ರ ಇತ್ತು. 1877ರಲ್ಲಿ ಅದನ್ನು ಯಾವುದೇ ಆಸ್ತಿ ಎಂದು ಹಿಗ್ಗಿಸಿದರು. ಬಳೆ, ಬಟ್ಟಲು ಎಲ್ಲ ಅದರೊಳಗೆ ಬಂದವು. 1963ರ ಕಾಯ್ದೆಯ 27ನೇ ಪ್ರಕರಣದಲ್ಲಿ ಅದು ಹಾಗೇ ಮುಂದುವರಿದಿದೆ. ವಿನೋದವೆಂದರೆ, ಚರ ಸ್ವತ್ತಿನ ಒಡೆತನವನ್ನೇ ಹೀಗೆ ಕೊನೆಗೊಳಿಸುವ ನಿಯಮವನ್ನು ಇಂಗ್ಲಿಷರು ತಮ್ಮ ದೇಶದಲ್ಲಿ ತಂದುಕೊಂಡದ್ದು 1939ರಲ್ಲಿ. 1980ರಲ್ಲಿ ಅದನ್ನೂ ತಿದ್ದಿ, ಕಳ್ಳನಿಗೆ ಈ ಅವಧಿಯ ಲಾಭ ಸಿಗಬಾರದು ಎಂದು ಸೇರಿಸಿಕೊಂಡರು. ನಮ್ಮಲ್ಲಿ ಹಾಗೆ ಸೇರಿಸಿಲ್ಲ. ಕಳುವಿನ ಮಾಲು ಯಾರ ಬಳಿ ಇದೆ ಎಂದು ತಿಳಿದು ಮೂರು ವರ್ಷ ಸುಮ್ಮನಿದ್ದರೆ ಮುಗಿಯಿತು.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಸಾಲಕ್ಕೆ ಈ ನಂದುವಿಕೆ ಇಲ್ಲ. ಅವಧಿ ಮೀರಿದ ಸಾಲಕ್ಕೆ ದಾವೆ ನಡೆಯುವುದಿಲ್ಲ, ಆದರೆ ಸಾಲ ಸಾಲವಾಗಿಯೇ ಇರುತ್ತದೆ. ಸಾಲಗಾರ ಮತ್ತೆ ಬರೆದುಕೊಟ್ಟು ಸಹಿ ಹಾಕಿದರೆ ಒಪ್ಪಂದ ಕಾಯ್ದೆಯ 25ನೇ ಪ್ರಕರಣದಂತೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಮೆಹರ್ ಒಂದು ಸಾಲ. ಒಡವೆ ಒಂದು ವಸ್ತು. ಹೀಗಾಗಿ ನನ್ನ ಫೂಫಿಗೆ ಬರಬೇಕಾಗಿದ್ದ ಮೆಹರ್ ಕಾನೂನಿನ ಕಣ್ಣಿನಲ್ಲಿ ಕುಂಟುತ್ತಲಾದರೂ ಬದುಕಿತ್ತು; ಅವರ ತಂದೆ ಹಾಕಿದ್ದ ಬಳೆಗಳ ಮೇಲಿನ ಹಕ್ಕು 1985ರಲ್ಲೇ ನಂದಿತ್ತು.

1963ರವರು ಕೆಟ್ಟದ್ದನ್ನೇ ಮಾಡಿದರೆಂದಲ್ಲ. 1908ರ ಕಾಯ್ದೆಯಲ್ಲಿ ಇಡಲು ಕೊಟ್ಟ ವಸ್ತುವಿಗೆ ಮೂವತ್ತು ವರ್ಷವಿತ್ತು, ಆದರೆ ಎಣಿಕೆ ಕೊಟ್ಟ ದಿನದಿಂದ. ಸೆಟಲ್ವಾಡ್ ಅಧ್ಯಕ್ಷರಾಗಿದ್ದ ಕಾನೂನು ಆಯೋಗ 1956ರಲ್ಲಿ ತನ್ನ ಮೂರನೇ ವರದಿಯಲ್ಲಿ ಇಡೀ ಕಾಯ್ದೆಯನ್ನು ಜಾಲಾಡಿತು. ಅದರ ಬಳಿಕ ಬಂದ ಕಾಯ್ದೆಯಲ್ಲಿ ಮೂವತ್ತು ವರ್ಷ ಮೂರಕ್ಕೆ ಇಳಿಯಿತು, ಎಣಿಕೆ ಮಾತ್ರ ನಿರಾಕರಣೆಯ ದಿನಕ್ಕೆ ಸರಿಯಿತು. ನಂಬಿ ಕೊಟ್ಟವನು ಐವತ್ತು ವರ್ಷ ನಂಬಿಕೊಂಡೇ ಇದ್ದರೂ ತೊಂದರೆಯಿಲ್ಲ. ಕೇಳಿದವನು ಮಾತ್ರ ಕೇಳಿದ ಮೇಲೆ ಓಡಬೇಕು. ವ್ಯಾಪಾರಿಗೆ ಇದು ಸರಿಯಾದ ನಿಯಮ. ಅವನು ಮೂರು ವರ್ಷದಲ್ಲಿ ನೋಟೀಸು ಕೊಟ್ಟು ಕೋರ್ಟಿಗೆ ಹೋಗುತ್ತಾನೆ. ತವರಿನಲ್ಲಿ ಅಣ್ಣಂದಿರ ಮರ್ಜಿಯಲ್ಲಿ ಇರುವವಳು, ಇವತ್ತಲ್ಲ ನಾಳೆ ಗಂಡ ಕರೆಯಲು ಬರಬಹುದು ಎಂದುಕೊಂಡವಳು, ದಾವೆ ಹಾಕಿದರೆ ತಲಾಖ್ ಹೇಳಿಬಿಟ್ಟಾರು ಎಂದು ಹಿರಿಯರಿಂದ ಹೆದರಿಸಿಕೊಂಡವಳು ಮೂರು ವರ್ಷದಲ್ಲಿ ಏನು ಮಾಡಬಲ್ಲಳು? ಅವಳ ಕಥೆ ಕೇಳಿ ನ್ಯಾಯಾಧೀಶರ ಕರುಳು ಕರಗಿದರೂ ಉಪಯೋಗವಿಲ್ಲ. ತಡವನ್ನು ಮನ್ನಿಸುವ 5ನೇ ಪ್ರಕರಣ ಅಪೀಲುಗಳಿಗೂ ಅರ್ಜಿಗಳಿಗೂ ಇದೆ, ಮೂಲ ದಾವೆಗೆ ಇಲ್ಲ. ಪ್ರತಿವಾದಿ ಅವಧಿಯ ಮಾತೇ ಎತ್ತದಿದ್ದರೂ 3ನೇ ಪ್ರಕರಣದಂತೆ ದಾವೆಯನ್ನು ವಜಾ ಮಾಡಲೇಬೇಕು. ಮಕ್ಕಳಿಗೆ, ಬುದ್ಧಿ ಸರಿಯಿಲ್ಲದವರಿಗೆ ವಿನಾಯಿತಿ ಉಳಿದಿದೆ. ಮೋಸವಾಗಿದ್ದರೆ ಮೋಸ ತಿಳಿದ ದಿನದಿಂದ ಎಣಿಕೆ. ಭಯಕ್ಕೆ ವಿನಾಯಿತಿ ಇಲ್ಲ.

ಗಡಿಯಾರ ನಿಲ್ಲಿಸಲು ಆಗುವುದೇ ಇಲ್ಲ ಎನ್ನುವಂತಿಲ್ಲ. ಕೊರೋನಾ ಬಂದಾಗ ಸುಪ್ರೀಂ ಕೋರ್ಟ್ ತಾನಾಗಿಯೇ ಮುಂದೆ ಬಂದು 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ದೇಶದ ಯಾವ ದಾವೆಯ ಲೆಕ್ಕಕ್ಕೂ ಹಿಡಿಯಬೇಡಿ ಎಂದಿತು. ಜನ ಮನೆಯಿಂದ ಹೊರಗೆ ಬರುವಂತಿರಲಿಲ್ಲ, ಸರಿಯಾಗಿಯೇ ಮಾಡಿತು. ಓದುತ್ತಿದ್ದಾಗ ನನಗೆ ಆ ಮಜಲ್ಲಾದ ಕಲಮು ನೆನಪಾಯಿತು, ಫೂಫಿಯೂ ನೆನಪಾದರು. ಅವರೂ ಮನೆಯಿಂದ ಹೊರಗೆ ಬರುವಂತಿರಲಿಲ್ಲ.

ಹೆಣ್ಣುಮಕ್ಕಳ ಒಡವೆಯ ವಿಷಯದಲ್ಲಿ ಕೋರ್ಟುಗಳು ಬೇರೊಂದು ದಾರಿ ಹುಡುಕಿಕೊಂಡವು. ಸಿವಿಲ್ ದಾವೆಯನ್ನು ಬಿಟ್ಟು ಕ್ರಿಮಿನಲ್ ಕಾನೂನಿನ ಕಡೆಯಿಂದ. 1985ರಲ್ಲಿ ಸುಪ್ರೀಂ ಕೋರ್ಟ್, ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು, ಗಂಡನ ಮನೆಯವರ ಕೈಯಲ್ಲಿದ್ದರೆ ಅದು ಅಮಾನತು, ಕೊಡದಿದ್ದರೆ ನಂಬಿಕೆ ದ್ರೋಹದ ಅಪರಾಧ ಎಂದು ಹೇಳಿತು. ಆದರೆ ಆಗಿನ ದಂಡ ಸಂಹಿತೆ ಆ ಅಪರಾಧಕ್ಕೆ ಗರಿಷ್ಠ ಮೂರು ವರ್ಷ ಶಿಕ್ಷೆ ಇಟ್ಟಿತ್ತು. ಅಂಥ ಅಪರಾಧಗಳನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಲೂ ಮೂರೇ ವರ್ಷದ ಮಿತಿ. ಅಲ್ಲೂ ಅದೇ ಮೂರು! 1986ರ ಮುಸ್ಲಿಮ್ ಮಹಿಳೆಯರ ಕಾಯ್ದೆಯ ಬಗ್ಗೆ ನಾವೆಲ್ಲ ಜೀವನಾಂಶದ ಜಗಳವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಅದರ 3ನೇ ಪ್ರಕರಣದಲ್ಲಿ, ಮದುವೆಗೆ ಮೊದಲು, ಮದುವೆಯಲ್ಲಿ ಅಥವಾ ಆಮೇಲೆ ಬಂಧುಗಳೋ ಗಂಡನೋ ಕೊಟ್ಟ ಎಲ್ಲ ಸ್ವತ್ತನ್ನೂ ತಲಾಖ್ ಆದವಳು ಮ್ಯಾಜಿಸ್ಟ್ರೇಟರ ಮೂಲಕ ಪಡೆಯಬಹುದು ಎಂದಿದೆ. ನಮ್ಮ ಜಮಾಅತ್ತುಗಳ ಎಷ್ಟು ಹಿರಿಯರು ಇದನ್ನು ಓದಿದ್ದಾರೋ ಕಾಣೆ. ಫೂಫಿಗೆ ಅದೂ ದಕ್ಕಲಿಲ್ಲ, ತಲಾಖ್ ಆಗಿರಲಿಲ್ಲವಲ್ಲ.

2005ರಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂತು, 2006ರ ಅಕ್ಟೋಬರಿನಿಂದ ಜಾರಿಯಾಯಿತು. ಅದಕ್ಕೆ ಧರ್ಮದ ಭೇದವಿಲ್ಲ. ಈ ಕಾಯ್ದೆಯಡಿ ತ್ರಿಪುರಾದ ಒಬ್ಬ ಮಹಿಳೆ 2010ರಲ್ಲಿ ತನ್ನ ಸ್ತ್ರೀಧನ ಕೇಳಿದರು. ಗಂಡನಿಂದ ನ್ಯಾಯಿಕ ಬೇರ್ಪಡೆಯಾಗಿ ವರ್ಷಗಳಾಗಿದ್ದವು, ಕೆಳಗಿನ ನ್ಯಾಯಾಲಯಗಳು ಕೇಳಲಿಲ್ಲ. 2015ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಬೇರ್ಪಡೆ ವಿಚ್ಛೇದನವಲ್ಲ, ಗಂಡ ಸ್ತ್ರೀಧನದ ಕಾವಲುಗಾರ ಮಾತ್ರ, ಅದನ್ನು ಕೊಡದೇ ಇಟ್ಟುಕೊಳ್ಳುವುದು ಒಂದು ದಿನ ನಡೆದು ಮುಗಿದ ಅಪರಾಧವಲ್ಲ, ದಿನದಿನವೂ ನಡೆಯುತ್ತಿರುವ ಅಪರಾಧ ಎಂದಿತು. ದಿನದಿನವೂ ನಡೆಯುತ್ತಿರುವುದಕ್ಕೆ ಎಣಿಕೆಯ ಮೊದಲ ದಿನ ಎಲ್ಲಿಂದ ಬರಬೇಕು? ಪೆಟ್ಟಿಗೆಗೆ ಬೀಗ ಬಿದ್ದಿರುವ ಪ್ರತಿ ಬೆಳಗ್ಗೆಯೂ ಮೊದಲ ದಿನವೇ. 2024ರ ಏಪ್ರಿಲಿನಲ್ಲಿ ಕೇರಳದ ಇನ್ನೊಂದು ಪ್ರಕರಣದಲ್ಲಿ, ಹೋದ 89 ಪವನು ಚಿನ್ನಕ್ಕೆ ಬದಲಾಗಿ 25 ಲಕ್ಷ ರೂಪಾಯಿ ಕೊಡುವಂತೆ ಅದೇ ಕೋರ್ಟ್ ಗಂಡನಿಗೆ ಆಜ್ಞೆ ಮಾಡಿತು.

2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಹೆಚ್ಚು ಸದ್ದಿಲ್ಲದೆ ಆದ ಒಂದು ಬದಲಾವಣೆಯಿದೆ. ನಂಬಿಕೆ ದ್ರೋಹದ ಗರಿಷ್ಠ ಶಿಕ್ಷೆ ಮೂರು ವರ್ಷದಿಂದ ಐದಕ್ಕೆ ಏರಿದೆ. ಮೂರು ವರ್ಷದ ಮಿತಿ ಇರುವುದು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ. ಆದ್ದರಿಂದ ಆ ದಿನದಿಂದ ಈಚೆಗೆ ನಡೆದ ನಂಬಿಕೆ ದ್ರೋಹಕ್ಕೆ ಆ ಮಿತಿ ತಾಗುವುದಿಲ್ಲ. ಸಿವಿಲ್ ದಾವೆಯ 70ನೇ ಕಲಮು ಮಾತ್ರ ಹಾಗೇ ಇದೆ.

ಫೂಫಿ 2004ರಲ್ಲಿ ತೀರಿಕೊಂಡರು. ಅಕ್ಕಸಾಲಿಗನ ಚೀಟಿ ನನ್ನ ಬಳಿ ಉಳಿದಿದೆ. ಹಾರದ ತೂಕ ಬರೆದಲ್ಲಿ ಮಡಿಕೆ ಬಿದ್ದು ಹರಿದಿದೆ, ಝುಮ್ಕಿಯ ತೂಕ ಈಗಲೂ ಓದಬಹುದು.